ಹೆರಿಗೆ ಕೋಣೆಯಲ್ಲಿ ಜೊತೆಗೆ ಇರುವವರು ಯಾರು?

ಏಳನೇ ತಿಂಗಳು ದಾಟಿತೆಂದರೆ ಸಾಕು, ಸಹಜ ಹೆರಿಗೆಗೆ ಸಲಹೆ ಕೊಡುವವರು ಎಲ್ಲ ಕಡೆಯಿಂದ ಬರುತ್ತಾರೆ. ಕೂತು ನೆಲ ಒರೆಸು, ಹಾಲಿಗೆ ತುಪ್ಪ ಹಾಕಿಕೊಂಡು ಕುಡಿ, ಮೆಟ್ಟಿಲು ಹತ್ತಿ ಇಳಿ, ಚಿಟ್ಟೆ ಆಸನ ಮಾಡು. ಕೆಲವು ಒಳ್ಳೆಯ ಮಾತುಗಳೇ, ಕೆಲವು ಮಾಡಿದರೂ ಬಿಟ್ಟರೂ ಒಂದೇ. ತೊಂದರೆ ಏನೆಂದರೆ ಇವೆಲ್ಲ ಹೊಣೆಯನ್ನು ಬಸುರಿಯ ಮೈಮೇಲೆಯೇ ಹೊರಿಸುತ್ತವೆ. ಕೊನೆಗೆ ಸಿಸೇರಿಯನ್ ಆದರೆ ಅವಳು ಸರಿಯಾಗಿ ಬಗ್ಗಲಿಲ್ಲ, ನಡೆಯಲಿಲ್ಲ ಎಂದಾಗುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಬೇರೆಯೇ ಚಿತ್ರ ಕೊಡುತ್ತದೆ. ದೇಶದ ಖಾಸಗಿ ಆಸ್ಪತ್ರೆಗಳಲ್ಲಿ ನೂರಕ್ಕೆ ಸುಮಾರು 47 ಹೆರಿಗೆ ಸಿಸೇರಿಯನ್, ಸರ್ಕಾರಿ ಆಸ್ಪತ್ರೆಗಳಲ್ಲಿ ಸುಮಾರು 14. ಕರ್ನಾಟಕದಲ್ಲಿ ಎರಡೂ ಸೇರಿ 31.5. ಖಾಸಗಿಗೆ ಹೋಗುವವರ ವಯಸ್ಸು, ಕಾಯಿಲೆ ಸ್ವಲ್ಪ ಬೇರೆ ಇದ್ದೀತು. ತಾವಾಗಿಯೇ ಕೇಳಿ, ಮುಹೂರ್ತ ನೋಡಿ ಮಾಡಿಸಿಕೊಳ್ಳುವವರೂ ಇದ್ದಾರೆ. ಆದರೂ ರಸ್ತೆಯ ಈ ಬದಿಯ ಆಸ್ಪತ್ರೆಗೆ ಹೋದವಳ ಸೊಂಟದ ಮೂಳೆ ಆ ಬದಿಗೆ ಹೋದವಳದಕ್ಕಿಂತ ಮೂರು ಪಟ್ಟು ಬಿಗಿ ಇರಲಾರದು. ಆದ್ದರಿಂದ ಯಾವ ಜಾಗದಲ್ಲಿ ಹೆರುವುದು, ಮನೆಯಿಂದ ಯಾವಾಗ ಹೊರಡುವುದು, ಪಕ್ಕದಲ್ಲಿ ಯಾರು ಇರುವುದು ಎಂಬ ಮೂರನ್ನು ಮುಂಚೆಯೇ ಗಟ್ಟಿ ಮಾಡಿಕೊಳ್ಳುವುದೇ ತಯಾರಿಯ ದೊಡ್ಡ ಪಾಲು.

ಮೈಗೆ ಸಂಬಂಧಿಸಿದ ತಯಾರಿಯಲ್ಲಿ ಎಲ್ಲಕ್ಕಿಂತ ಮುಂಚೆ ನೋಡಬೇಕಾದ್ದು ರಕ್ತ. ಹಿಮೋಗ್ಲೋಬಿನ್ 11ಕ್ಕಿಂತ ಕೆಳಗಿದ್ದರೆ ಗರ್ಭಿಣಿಗೆ ರಕ್ತಹೀನತೆ ಎಂದೇ ಲೆಕ್ಕ. ಎಲ್ಲ ಸರಿಯಾಗಿ ಆದ ಹೆರಿಗೆಯಲ್ಲೂ ಅರ್ಧ ಲೀಟರಿನ ತನಕ ರಕ್ತ ಹೋಗಬಹುದು. 12 ಇದ್ದವಳು ಅದನ್ನು ತಡೆದುಕೊಳ್ಳುತ್ತಾಳೆ, 8 ಇದ್ದವಳು ತಲೆ ಸುತ್ತಿ ಬೀಳುತ್ತಾಳೆ. ಹತ್ತಾರು ಗಂಟೆ ನೋವು ತಿನ್ನುವ ಶಕ್ತಿಯೂ ಇದೇ ರಕ್ತದಿಂದ ಬರಬೇಕು. ಆಶಾ ಕಾರ್ಯಕರ್ತೆ ಕೊಡುವ ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಇರುತ್ತದೆ. ನಾಲ್ಕನೇ ತಿಂಗಳಿಂದ ದಿನಕ್ಕೊಂದರಂತೆ ಕನಿಷ್ಠ 180 ದಿನ ತೆಗೆದುಕೊಳ್ಳಬೇಕು. ರಕ್ತ ಕಡಿಮೆ ಇದ್ದರೆ ವೈದ್ಯರು ಎರಡಕ್ಕೆ ಏರಿಸುತ್ತಾರೆ. ಮಾತ್ರೆ ನುಂಗಿಯೂ ರಕ್ತ ಏರದಿದ್ದರೆ ಹೆಚ್ಚಿನ ಸಲ ಕಾರಣ ಸರಳ: ಮಾತ್ರೆಯ ಹಿಂದೆಯೇ ಕಾಫಿ ಕುಡಿದಿರುತ್ತಾರೆ, ಇಲ್ಲವೇ ಕ್ಯಾಲ್ಸಿಯಂ ಮಾತ್ರೆಯನ್ನು ಅದರ ಜೊತೆಯೇ ನುಂಗಿರುತ್ತಾರೆ. ಎರಡೂ ಕಬ್ಬಿಣ ಮೈಗೆ ಹತ್ತದಂತೆ ತಡೆಯುತ್ತವೆ. ಕಾಫಿ, ಟೀ ಹಿಂದೆ ಮುಂದೆ ಒಂದು ಗಂಟೆ ದೂರವಿರಲಿ, ಕ್ಯಾಲ್ಸಿಯಂ ಬೇರೆ ಹೊತ್ತಿನ ಊಟದ ಜೊತೆಗಿರಲಿ, ಕಬ್ಬಿಣದ ಮಾತ್ರೆಗೆ ಒಂದು ಲೋಟ ನಿಂಬೆ ಪಾನಕ ಒಳ್ಳೆಯ ಜೋಡಿ. ಮಲ ಕಪ್ಪಗಾಯಿತೆಂದು ಹೆದರಿ ನಿಲ್ಲಿಸಬೇಕಿಲ್ಲ, ಅದು ಮಾತ್ರೆಯದೇ ಬಣ್ಣ. ಬೀಟ್‌ರೂಟಿಗೂ ದಾಳಿಂಬೆಗೂ ಬಣ್ಣದಿಂದಾಗಿ ಇಲ್ಲದ ಕೀರ್ತಿ ಬಂದಿದೆ. ಕಬ್ಬಿಣದ ಲೆಕ್ಕದಲ್ಲಿ ಹುರುಳಿ, ಸೊಪ್ಪು, ಮಾಂಸ ಎಷ್ಟೋ ಮುಂದೆ. ಎಂಟನೇ ತಿಂಗಳಲ್ಲೂ ಕಡಿಮೆಯೇ ಇದ್ದರೆ ಮಾತ್ರೆಗೆ ಕಾಯುವಷ್ಟು ಸಮಯ ಉಳಿದಿರುವುದಿಲ್ಲ. ನರದ ಮೂಲಕ ಕಬ್ಬಿಣ ಕೊಡಬಹುದೇ ಎಂದು ಆಗಲೇ ಕೇಳಬೇಕು.

ರಕ್ತದ ಜೊತೆಗೇ ಸಕ್ಕರೆ. 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆ ಬಿಟ್ಟು ನೋಡಿದಾಗ 140 ಅಥವಾ ಹೆಚ್ಚು ಬಂದರೆ ಗರ್ಭಾವಸ್ಥೆಯ ಸಕ್ಕರೆ ಕಾಯಿಲೆ. ಅದು ಹತೋಟಿ ತಪ್ಪಿದರೆ ಮಗುವಿನ ಭುಜ, ಹೊಟ್ಟೆ ದಪ್ಪಗಾಗಿ, ತಲೆ ಹೊರಬಂದ ಮೇಲೆ ಭುಜ ಸಿಕ್ಕಿಕೊಳ್ಳುವ ಅಪಾಯವಿದೆ. ಇಬ್ಬರ ಪಾಲಿನ ಊಟ ಒಬ್ಬಳೇ ಮಾಡಬೇಕೆಂದು ಒತ್ತಾಯಿಸಿ ಬಡಿಸುವವರು ಇದನ್ನೊಂದು ನೆನಪಿಟ್ಟರೆ ಸಾಕು.

ವ್ಯಾಯಾಮಕ್ಕೆ ಬಹಳ ಮಾತು ಬೇಡ. ವಾರಕ್ಕೆ 150 ನಿಮಿಷ, ಅಂದರೆ ಐದು ದಿನ ಅರ್ಧರ್ಧ ಗಂಟೆ, ಮಾತಾಡಿಕೊಂಡು ಹೋಗುವಷ್ಟು ಬಿರುಸಿನ ನಡಿಗೆ ಸಾಕು. ಮಾಲಾಸನ, ಬದ್ಧಕೋಣಾಸನ, ಮಾರ್ಜಾಲಾಸನ ಇವುಗಳಿಂದ ತೊಡೆ, ಸೊಂಟಕ್ಕೆ ಆ ಭಂಗಿಗಳು ರೂಢಿಯಾಗುತ್ತವೆ. ನೋವಿನ ಹೊತ್ತಿಗೆ ಆ ರೂಢಿಯೇ ಉಪಯೋಗಕ್ಕೆ ಬರುವುದು. ಕುಕ್ಕರಗಾಲಲ್ಲಿ ಕೂರುವಾಗ ಹಿಮ್ಮಡಿ ನೆಲಕ್ಕೆ ತಾಗದಿದ್ದರೆ ಮಡಚಿದ ಟವೆಲ್ ಇಟ್ಟುಕೊಳ್ಳಿ, ಬೆನ್ನು ಗೋಡೆಗಿರಲಿ. ಮಾಸು ಕೆಳಗಿದೆ ಎಂದವರು, ಗರ್ಭಕೋಶದ ಬಾಯಿಗೆ ಹೊಲಿಗೆ ಹಾಕಿಸಿಕೊಂಡವರು, ರಕ್ತ ಕಾಣಿಸಿಕೊಂಡವರು ವೈದ್ಯರು ಹೇಳದೆ ಇದ್ಯಾವುದನ್ನೂ ಮಾಡಬಾರದು. ಮೇಲೆ ಕೂತು ಸೊಂಟ ತೂಗಲು ದೊಡ್ಡ ಚೆಂಡು ಕೊಳ್ಳುವವರು ಕೂತು ನೋಡಿಯೇ ಕೊಳ್ಳಲಿ, ಸೊಂಟ ಮಂಡಿಗಿಂತ ತುಸು ಮೇಲಿರಬೇಕು. 28 ವಾರದ ನಂತರ ಮಲಗುವುದು ಮಗ್ಗುಲಾಗಿ. ಬೆನ್ನಡಿಯಾಗಿ ಮಲಗಿದರೆ ಗರ್ಭಕೋಶದ ಭಾರ ದೊಡ್ಡ ರಕ್ತನಾಳದ ಮೇಲೆ ಬಿದ್ದು ಮಗುವಿಗೆ ಹೋಗುವ ರಕ್ತ ತಗ್ಗುತ್ತದೆ. ತುಪ್ಪ ಜಠರಕ್ಕೆ ಹೋಗುತ್ತದೆ, ಗರ್ಭಕೋಶಕ್ಕಲ್ಲ. ಅದರಿಂದ ಮಗು ಜಾರುವುದಿಲ್ಲ, ತಾಯಿಯ ತೂಕ ಏರುತ್ತದೆ. ನೋವು ಬರಿಸಲೆಂದು ಹರಳೆಣ್ಣೆ ಕುಡಿಸುವುದಂತೂ ಬೇಡವೇ ಬೇಡ. ಭೇದಿ ಕಿತ್ತುಕೊಂಡು ಮೈಯ ನೀರೆಲ್ಲ ಹೋದ ಮೇಲೆ ಹೆರುವ ತ್ರಾಣ ಎಲ್ಲಿಂದ ಬರಬೇಕು? ಕೊನೆಯ ನಾಲ್ಕು ವಾರ ದಿನಕ್ಕೆ ಆರು ಖರ್ಜೂರ ತಿಂದವರಲ್ಲಿ ಹೆರಿಗೆ ಸಲೀಸಾಯಿತೆಂದು ಕೆಲವು ಸಣ್ಣ ಅಧ್ಯಯನಗಳು ಹೇಳಿವೆ. ಸಕ್ಕರೆ ಕಾಯಿಲೆ ಇಲ್ಲದವರು ತಿನ್ನಬಹುದು, ಅದರ ಮೇಲೆಯೇ ಭಾರ ಹಾಕಬಾರದು.

ನಮ್ಮಲ್ಲಿ ಬಾಯಿಬಿಟ್ಟು ಹೇಳದ, ಆದರೆ ಚೊಚ್ಚಲ ಬಸುರಿಗೆ ನಿಜಕ್ಕೂ ಪ್ರಯೋಜನವಿರುವ ಒಂದು ತಯಾರಿ ಇದೆ: ಯೋನಿಗೂ ಗುದದ್ವಾರಕ್ಕೂ ನಡುವಿನ ಜಾಗವನ್ನು ಎಣ್ಣೆ ಹಚ್ಚಿ ಸಡಿಲಿಸುವುದು. 34–35 ವಾರದಿಂದ, ವಾರಕ್ಕೆ ಒಂದೆರಡು ಸಲ, ಐದರಿಂದ ಹತ್ತು ನಿಮಿಷ. ಬಿಸಿನೀರಿನ ಸ್ನಾನವಾದ ಮೇಲೆ, ಉಗುರು ಕತ್ತರಿಸಿ ಕೈ ತೊಳೆದು, ಶುದ್ಧ ಕೊಬ್ಬರಿ ಎಣ್ಣೆ ಹಚ್ಚಿಕೊಂಡು, ದಿಂಬಿಗೆ ಒರಗಿ ಕೂರಬೇಕು. ಹೆಬ್ಬೆರಳನ್ನು ಮೂರ್ನಾಲ್ಕು ಸೆಂಟಿಮೀಟರ್ ಒಳಗಿಟ್ಟು ಕೆಳಕ್ಕೆ, ಗುದದ ಕಡೆಗೆ, ಉರಿ ಹತ್ತಿದಂತೆ ಅನ್ನಿಸುವವರೆಗೆ ಒತ್ತಿ ಒಂದೆರಡು ನಿಮಿಷ ಹಾಗೆಯೇ ಹಿಡಿಯಬೇಕು. ಆಮೇಲೆ ಕೆಳಗಿನ ಅರ್ಧ ಸುತ್ತಿನಲ್ಲಿ ಆಚೀಚೆ ನಿಧಾನ ಜರುಗಿಸಬೇಕು. ಮೇಲ್ಭಾಗ ಮೂತ್ರನಾಳದ ಜಾಗ, ಅಲ್ಲಿ ಒತ್ತಬಾರದು. ಉರಿಯುವಾಗ ಉಸಿರು ಬಿಗಿಹಿಡಿಯದೆ ಆ ಜಾಗವನ್ನು ಸಡಿಲ ಬಿಡುವುದೇ ಇದರ ಅರ್ಧ ಪಾಠ. ತಲೆ ಹೊರಬರುವ ಗಳಿಗೆಯಲ್ಲಿ ಆಗುವ ಉರಿಯೂ ಇದೇ ಜಾತಿಯದು. ಮೊದಲ ಸಲ ಹೆರುವವರಲ್ಲಿ ಹೊಲಿಗೆ ಬೀಳುವಂಥ ಗಾಯ ಇದರಿಂದ ಕಡಿಮೆಯಾಗುತ್ತದೆ. ಸೋಂಕು, ತುರಿಕೆ ಇದ್ದಾಗ, ನೀರು ಹೋಗಲು ಶುರುವಾದ ಮೇಲೆ ಮಾಡಬಾರದು.

ಇನ್ನು ಜಾಗದ ಮಾತು. ಚೊಚ್ಚಲ ಹೆರಿಗೆ ತವರಿನಲ್ಲಿ ಎಂಬುದು ನಮ್ಮ ಪದ್ಧತಿ. ಅದರಲ್ಲಿ ದೊಡ್ಡ ಲಾಭವಿದೆ, ಅಮ್ಮ ಜೊತೆಗಿರುತ್ತಾಳೆ. ದೊಡ್ಡ ಕುಂದೂ ಅದರಲ್ಲೇ ಇದೆ. ಸೀಮಂತ ಮುಗಿಸಿ, ಒಳ್ಳೆಯ ದಿನ ನೋಡಿ ತವರಿಗೆ ಹೊರಡುವಷ್ಟರಲ್ಲಿ ಒಂಬತ್ತು ತುಂಬುತ್ತಿರುತ್ತದೆ, ಅಲ್ಲಿನ ಆಸ್ಪತ್ರೆಯವರು ಅವಳನ್ನು ನೋಡುವುದು ಅದೇ ಮೊದಲು. ಹಳೆಯ ಸ್ಕ್ಯಾನ್ ಮನೆಯಲ್ಲಿ ಬಿಟ್ಟುಬಂದಿದ್ದರೆ ದಿನದ ಲೆಕ್ಕವೇ ತಪ್ಪುತ್ತದೆ. ಗುರುತಿಲ್ಲದ ಬಸುರಿ, ಗೊಂದಲದ ದಾಖಲೆ ಎರಡೂ ಸೇರಿದಾಗ ಯಾವ ವೈದ್ಯರಾದರೂ ತಮಗೆ ಸುರಕ್ಷಿತ ಅನ್ನಿಸಿದ ದಾರಿಯನ್ನೇ ಹಿಡಿಯುತ್ತಾರೆ. 32 ವಾರದೊಳಗೆ ಹೆರಿಗೆ ಎಲ್ಲಿ ಎಂಬುದು ತೀರ್ಮಾನವಾಗಬೇಕು, ತವರೂರಿನ ಆಸ್ಪತ್ರೆಯಲ್ಲಿ ಒಮ್ಮೆ ತೋರಿಸಿ ಬಂದಿರಬೇಕು. ಶುಭದಿನ ಅದಕ್ಕೆ ಹೊಂದದಿದ್ದರೆ ತೋರಿಸಿಕೊಂಡು ವಾಪಸ್ಸು ಬರಲಿ, ಶಾಸ್ತ್ರ ಆಮೇಲೆ ಆಗುತ್ತದೆ. ತಾಯಿ ಕಾರ್ಡು, ಮೊದಲ ಮೂರು ತಿಂಗಳೊಳಗಿನ ಸ್ಕ್ಯಾನ್, ರಕ್ತದ ಗುಂಪಿನ ಚೀಟಿ ಒಂದೇ ಕವರಿನಲ್ಲಿ ಅವಳ ಜೊತೆಗೇ ಪ್ರಯಾಣ ಮಾಡಬೇಕು. ದಿನದ ಲೆಕ್ಕಕ್ಕೆ ಆ ಮೊದಲ ಸ್ಕ್ಯಾನೇ ಪ್ರಮಾಣ. ಕೊನೆಯ ತಿಂಗಳ ಸ್ಕ್ಯಾನ್ ಹೇಳುವ ಹೊಸ ತಾರೀಖು ನಂಬಬೇಕಾದ್ದಲ್ಲ.

ಆಸ್ಪತ್ರೆಯಲ್ಲಿ ನಾರ್ಮಲ್ ಮಾಡಿಸುತ್ತೀರಾ ಎಂದು ಕೇಳಿದರೆ ಎಲ್ಲರೂ ಹೌದೆನ್ನುತ್ತಾರೆ. ಕೇಳಬೇಕಾದ್ದು ಸಣ್ಣ ಸಣ್ಣ ವಿಷಯ. ನೋವಿನ ಹೊತ್ತಿನಲ್ಲಿ ಒಬ್ಬರು ಪೂರ್ತಿ ಜೊತೆಗಿರಬಹುದೇ? ಎದ್ದು ಓಡಾಡಲು ಬಿಡುತ್ತೀರಾ? ಗಂಜಿ, ಎಳನೀರು ಕೊಡಬಹುದೇ? ಹೆರುವಾಗ ಮಗ್ಗುಲಾಗಿ ಮಲಗಬಹುದೇ? ಚೊಚ್ಚಲಿಗೆ ಯೋನಿಯ ಬಾಯಿ ಅಗಲಿಸಲು ಕತ್ತರಿ ಹಾಕುವುದು ಎಲ್ಲರಿಗೂ ಇದೆಯೇ, ಬೇಕಾದವರಿಗೆ ಮಾತ್ರವೇ? ರಾತ್ರಿ ಎರಡು ಗಂಟೆಗೆ ಬಂದರೆ ನೋಡುವ ವೈದ್ಯರು ಯಾರು? ರಕ್ತ ಬೇಕಾದರೆ ಎಲ್ಲಿಂದ ತರುತ್ತೀರಿ? ಕೊನೆಯ ಎರಡಕ್ಕೆ ಉತ್ತರ ತಡವರಿಸಿದರೆ ಬೇರೆ ಆಸ್ಪತ್ರೆ ಹುಡುಕುವುದು ಮೇಲು. ಮನೆಯಲ್ಲೇ ವಿಡಿಯೋ ನೋಡಿ ಹೆರುವ ಹುಚ್ಚು ಎಷ್ಟು ದುಬಾರಿ ಎಂಬುದನ್ನು 2018ರಲ್ಲಿ ತಮಿಳುನಾಡಿನ ತಿರುಪ್ಪೂರಿನಲ್ಲಿ ಹಾಗೆ ಹೆತ್ತ ತಾಯಿಯ ಸಾವು ತೋರಿಸಿದೆ. ಹೆತ್ತ ಮೇಲಿನ ರಕ್ತಸ್ರಾವ ಯಾರಿಗೆ ಆಗುತ್ತದೆ ಎಂದು ಮುಂಚೆಯೇ ಹೇಳಲು ಬರುವುದಿಲ್ಲ, ಆದಾಗ ಕೈಯಲ್ಲಿರುವುದು ನಿಮಿಷಗಳು ಮಾತ್ರ.

ಕೊನೆಯ ತಿಂಗಳಲ್ಲಿ ಹೆದರಿಸುವ ಮಾತುಗಳನ್ನು ತೂಗಿ ನೋಡಲೂ ಕಲಿಯಬೇಕು. ಕೊರಳಿಗೆ ಹೊಕ್ಕುಳಬಳ್ಳಿ ಸುತ್ತಿದೆ ಎಂದು ಸ್ಕ್ಯಾನ್‌ನಲ್ಲಿ ಬಂದರೆ ಮನೆಯೆಲ್ಲ ಅಳುತ್ತದೆ. ಸುಮಾರು ನಾಲ್ಕು ಹೆರಿಗೆಗೆ ಒಂದರಲ್ಲಿ ಬಳ್ಳಿ ಸುತ್ತಿರುತ್ತದೆ, ಅದೊಂದೇ ಸಿಸೇರಿಯನ್‌ಗೆ ಕಾರಣವಲ್ಲ. ತಲೆ ಬಂದ ಮೇಲೆ ಬೆರಳಿನಿಂದ ಜಾರಿಸಿ ಬಿಡಿಸುತ್ತಾರೆ. ಮಗು ದಪ್ಪ ಎಂಬ ಅಂದಾಜು ನೂರಕ್ಕೆ ಹತ್ತು ಹದಿನೈದರಷ್ಟು ಆಚೀಚೆ ಹೋಗುತ್ತದೆ. ಡೇಟ್ ಮುಗಿಯಿತು ಎಂಬುದೂ ಹಾಗೆಯೇ: ಕೊಟ್ಟ ತಾರೀಖಿಗೆ ಸರಿಯಾಗಿ ಹುಟ್ಟುವ ಮಕ್ಕಳು ನೂರಕ್ಕೆ ನಾಲ್ಕೈದು. ತೊಂದರೆ ಏನೂ ಇಲ್ಲದಿದ್ದರೆ 41 ವಾರದವರೆಗೆ ಮಗುವಿನ ಮೇಲೆ ಕಣ್ಣಿಟ್ಟು ಕಾಯಬಹುದು, ಅದರಾಚೆ ನೋವು ಬರಿಸುವ ಮಾತು ಸರಿಯೇ. ಬಿಪಿ 140/90 ಮುಟ್ಟಿದ್ದು, ಮಗುವಿನ ಸುತ್ತಲಿನ ನೀರು ಬಹಳ ಕಡಿಮೆಯಾದದ್ದು, ಮಗುವಿನ ಚಲನೆ ತಗ್ಗಿದ್ದು ಇವುಗಳನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಬಾರದು. ಮಾಸು ಗರ್ಭಕೋಶದ ಬಾಯಿಗೆ ಅಡ್ಡ ಕೂತಿದ್ದರೆ, ಹೆರಿಗೆಯ ಹೊತ್ತಿನಲ್ಲೂ ಮಗು ಅಡ್ಡವೇ ಉಳಿದಿದ್ದರೆ ಸಿಸೇರಿಯನ್ನೇ ದಾರಿ, ವಾದ ಬೇಡ. 36 ವಾರದಲ್ಲಿ ಮಗುವಿನ ಕುಂಡೆ ಕೆಳಗಿದ್ದರೆ ಹೊಟ್ಟೆಯ ಮೇಲಿಂದ ಕೈಯಿಂದಲೇ ತಿರುಗಿಸುವ ವಿಧಾನವೊಂದಿದೆ. ಅನುಭವವಿರುವವರು, ಆಪರೇಷನ್ ಸೌಲಭ್ಯವಿರುವ ಆಸ್ಪತ್ರೆಯಲ್ಲಿ ಮಾಡಿದರೆ ಸುಮಾರು ಅರ್ಧದಷ್ಟು ಸಲ ಫಲಿಸುತ್ತದೆ. ಕೇಳಿದರೆ ಹೇಳುತ್ತಾರೆ; ಕೇಳುವವರು ಕಡಿಮೆ.

ಪಾವಗಡದ ಕಡೆಯ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂತು. ಅವರಂಥ ಸೂಲಗಿತ್ತಿಯರ ಕಾಲದಲ್ಲಿ ಅವರ ಕೈಯಲ್ಲಿ ರಕ್ತ ನಿಲ್ಲಿಸುವ ಇಂಜೆಕ್ಷನ್ ಇರಲಿಲ್ಲ, ತಾಯಂದಿರು ಸಾಯುತ್ತಿದ್ದರು, ಆ ಕಾಲ ಮರಳಿ ಬರಬೇಕಿಲ್ಲ. ಆದರೆ ನೋವು ಶುರುವಾದಲ್ಲಿಂದ ಮಾಸು ಬೀಳುವವರೆಗೆ ಒಂದು ಹೆಣ್ಣುಜೀವ ಪಕ್ಕ ಬಿಟ್ಟು ಕದಲುತ್ತಿರಲಿಲ್ಲ. ಆಸ್ಪತ್ರೆಗೆ ಬಂದಾಗ ನಾವು ಬಿಟ್ಟುಬಂದದ್ದು ಅದನ್ನು. ಹೀಗೆ ಬಿಡದೆ ಜೊತೆಗಿದ್ದರೆ ಸಹಜ ಹೆರಿಗೆ ಹೆಚ್ಚುತ್ತದೆ, ನೋವಿನ ಅವಧಿ ಇಳಿಯುತ್ತದೆ, ಸಿಸೇರಿಯನ್ ಕಡಿಮೆಯಾಗುತ್ತದೆ ಎಂಬುದು ಹಲವು ದೇಶಗಳ ಹದಿನೈದು ಸಾವಿರಕ್ಕೂ ಹೆಚ್ಚು ಹೆಂಗಸರನ್ನು ಒಳಗೊಂಡ ಅಧ್ಯಯನಗಳನ್ನು ಒಟ್ಟಿಗೆ ನೋಡಿದಾಗ ಕಂಡ ಮಾತು. ಸರ್ಕಾರಿ ಆಸ್ಪತ್ರೆಗಳಲ್ಲಿ ಹೆರಿಗೆ ಸಂಗಾತಿಯನ್ನು ಒಳಬಿಡಬಹುದು ಎಂದು ಕೇಂದ್ರ ಸರ್ಕಾರ 2016ರಲ್ಲೇ ಹೇಳಿದೆ: ಆದಷ್ಟು ತಾನೇ ಹೆತ್ತು ಅನುಭವವಿರುವ ಹೆಣ್ಣು ಸಂಬಂಧಿ, ಮರೆ ಇರುವ ಕಡೆ ಗಂಡನೂ ಆಗಬಹುದು. ಬಾಗಿಲಲ್ಲಿ ತಡೆದರೆ ಜಗಳ ಬೇಡ, ಮುಂಚೆಯೇ ವಿಚಾರಿಸಿ ಹೆಸರು ಬರೆಸಿಡಿ.

ಯಾರನ್ನು ಆರಿಸುವುದು? ಅಳುವವರನ್ನಲ್ಲ. ಮಗಳ ನೋವು ನೋಡಲಾರದೆ, ಆಪರೇಷನ್ ಮಾಡಿಬಿಡಿ ಡಾಕ್ಟ್ರೇ ಎಂದು ಕೈಮುಗಿಯುವ ಅಮ್ಮಂದಿರು ಬಹಳ. ಅಂಥ ಮನೆಯಲ್ಲಿ ಅಕ್ಕನೋ ಚಿಕ್ಕಮ್ಮನೋ ಇರಲಿ, ಅಮ್ಮ ಹೊರಗೆ ಬಿಸಿನೀರಿನ ಫ್ಲಾಸ್ಕ್ ಹಿಡಿದು ಕೂರಲಿ. ಗಂಡ ಇರುವುದಾದರೆ ರಕ್ತ ಕಂಡರೆ ತಲೆ ತಿರುಗುವವನೇ ಎಂದು ಈಗಲೇ ಕೇಳಿಕೊಳ್ಳಿ. ಆರಿಸಿದವರಿಗೆ ಕೆಲಸ ಕಲಿಸಬೇಕು. ನೋವು ಏರುವಾಗ ಬೆನ್ನ ಕೆಳಗಿನ ಮೂಳೆಯ ಮೇಲೆ ಅಂಗೈಯ ಬುಡ ಇಟ್ಟು ಅಲುಗಾಡಿಸದೆ ಬಲವಾಗಿ ಒತ್ತಿ ಹಿಡಿಯುವುದು, ನೋವು ಇಳಿದ ಮೇಲೆ ಬಿಡುವುದು. ಬೆನ್ನಿಗೆ ಹೆಚ್ಚು ನೋವಿದ್ದರೆ ಎರಡು ಪಕ್ಕದ ಸೊಂಟವನ್ನು ಎರಡು ಅಂಗೈಯಿಂದ ಒಳಕ್ಕೆ ಅಮುಕುವುದು. ಎರಡು ಗಂಟೆಗೊಮ್ಮೆ ಮೂತ್ರಕ್ಕೆ ಕರೆದೊಯ್ಯುವುದು, ತುಂಬಿದ ಮೂತ್ರಕೋಶ ಮಗುವಿನ ತಲೆ ಇಳಿಯಲು ಅಡ್ಡಿ. ಎರಡು ನೋವಿನ ನಡುವೆ ಒಂದು ಗುಟುಕು ನೀರು. ನೋವು ನಡೆಯುತ್ತಿರುವಾಗ ಮಾತು ಬೇಡ, ಪ್ರಶ್ನೆ ಬೇಡ. ಮೂಗಿನಲ್ಲಿ ನಾಲ್ಕು ಎಣಿಸುವಷ್ಟು ಒಳಗೆ, ಬಾಯಲ್ಲಿ ಆರು ಎಣಿಸುವಷ್ಟು ಹೊರಗೆ, ಜೊತೆಯಲ್ಲೇ ಉಸಿರಾಡಿದರೆ ಸಾಕು. ಮೇಲಿನ ದನಿಯ ಕಿರುಚಾಟ ಮೈ ಬಿಗಿ ಮಾಡುತ್ತದೆ, ಎದೆಯಿಂದ ಬರುವ ತಗ್ಗು ದನಿಯ ನರಳಾಟ ಸಡಿಲಿಸುತ್ತದೆ. ಇದನ್ನೆಲ್ಲ 36ನೇ ವಾರದಿಂದ ವಾರಕ್ಕೆ ಎರಡು ಮೂರು ಸಲ ಇಬ್ಬರೂ ಕೂತು ಅಭ್ಯಾಸ ಮಾಡಬೇಕು. ಇನ್ನೊಂದು ಕೆಲಸವೂ ಸಂಗಾತಿಯದೇ: ಊರಿನಿಂದ ಬರುವ ಫೋನುಗಳಿಗೆಲ್ಲ ತಾನೇ ಉತ್ತರ ಹೇಳುವುದು, ಅಥವಾ ಫೋನ್ ಆಫ್ ಮಾಡುವುದು.

ಮನೆಯಿಂದ ಹೊರಡುವ ಗಳಿಗೆಯಲ್ಲೇ ಹೆಚ್ಚು ಲೆಕ್ಕ ತಪ್ಪುವುದು. ಸುಳ್ಳು ನೋವು ಎದ್ದು ನಾಲ್ಕು ಹೆಜ್ಜೆ ಹಾಕಿದರೆ, ನೀರು ಕುಡಿದರೆ ತಗ್ಗುತ್ತದೆ. ನಿಜವಾದದ್ದು ಹೊತ್ತು ಹೋದಂತೆ ಹತ್ತಿರಾಗುತ್ತದೆ, ಜೋರಾಗುತ್ತದೆ. ಒಂದು ನೋವು ಶುರುವಾದಲ್ಲಿಂದ ಮುಂದಿನದು ಶುರುವಾಗುವವರೆಗೆ ಎಣಿಸಬೇಕು. ಐದು ನಿಮಿಷಕ್ಕೊಂದು, ಒಂದೊಂದೂ ಒಂದು ನಿಮಿಷ, ಹಾಗೆ ಒಂದು ಗಂಟೆ ನಡೆದರೆ ಚೊಚ್ಚಲಿನವಳು ಹೊರಡಬಹುದು. ಎರಡನೆಯ ಹೆರಿಗೆ ಬೇಗ ಆಗುತ್ತದೆ, ಮಳೆಗಾಲದ ಮಲೆನಾಡಿನ ರಸ್ತೆ ನಿಧಾನ. ಅಂಥವರು ಇಷ್ಟು ಕಾಯಬಾರದು. ಗರ್ಭಕೋಶದ ಬಾಯಿ ಎರಡು ಬೆರಳಷ್ಟು ತೆರೆದಿರುವಾಗಲೇ ಹೋಗಿ ಸೇರಿಕೊಂಡರೆ ಮಂಚಕ್ಕೆ ಹಾಕುತ್ತಾರೆ, ಗಡಿಯಾರ ಓಡಲು ಶುರುವಾಗುತ್ತದೆ. ಆರು ಗಂಟೆ ಕಳೆದ ಮೇಲೆ ಮುಂದುವರಿದಿಲ್ಲ ಎಂಬ ಮಾತು ಬರುತ್ತದೆ, ನೋವು ಹೆಚ್ಚಿಸುವ ಡ್ರಿಪ್ ಏರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2018ರ ಮಾರ್ಗಸೂಚಿಯಲ್ಲಿ ಸಕ್ರಿಯ ಹಂತ, ಅಂದರೆ ನೋವು ಜೋರಾಗಿ ಬಾಯಿ ಬೇಗ ತೆರೆಯುವ ಹೊತ್ತು, 5 ಸೆಂಟಿಮೀಟರಿನಿಂದ ಎಂದಿದೆ, ಗಂಟೆಗೆ ಒಂದು ಸೆಂಟಿಮೀಟರ್ ತೆರೆಯಲೇಬೇಕೆಂಬ ಹಳೆಯ ಲೆಕ್ಕವನ್ನು ಕೈಬಿಟ್ಟಿದೆ. 5ರ ನಂತರವೂ ಚೊಚ್ಚಲಿಗೆ ಸಾಮಾನ್ಯವಾಗಿ 12 ಗಂಟೆಯವರೆಗೆ ಹಿಡಿಯಬಹುದು. ಆ ಮೊದಲಿನ ನಿಧಾನದ ಹೊತ್ತನ್ನು ಮನೆಯಲ್ಲೇ ಸ್ನಾನ ಮಾಡಿ, ಗಂಜಿ ಕುಡಿದು, ಸಾಧ್ಯವಾದರೆ ನಿದ್ದೆ ಮಾಡಿ ಕಳೆಯುವುದು ಜಾಣತನ. ರಾತ್ರಿ ಹತ್ತಕ್ಕೆ ಸಣ್ಣ ನೋವು ಬಂದರೆ ಮನೆಮಂದಿಯೆಲ್ಲ ಎದ್ದು ಕೂರಬೇಕಿಲ್ಲ.

ಆದರೆ ನೀರು ಒಡೆದರೆ ನೋವಿಗೆ ಕಾಯದೆ ಹೊರಡಬೇಕು. ಶುಭ್ರ ಪ್ಯಾಡ್ ಇಟ್ಟುಕೊಂಡು ಬಣ್ಣ, ಹೊತ್ತು ಎರಡನ್ನೂ ಗಮನಿಸಬೇಕು. ಹಸಿರು ಅಥವಾ ಕಂದು ಬಣ್ಣವೆಂದರೆ ಮಗು ಒಳಗೇ ಮಲ ಮಾಡಿದೆ. ಮುಟ್ಟಿನಂತೆ ರಕ್ತ, ಬಿಡದ ತಲೆನೋವು, ಕಣ್ಣು ಮಂಜು, ಜ್ವರ, ಮಗು ಎಂದಿನಂತೆ ಆಡದಿರುವುದು, 37 ವಾರಕ್ಕೆ ಮುಂಚೆ ನೋವು: ಇವು ಯಾವುದಕ್ಕೂ ಎಣಿಕೆ ಬೇಡ, 108ಕ್ಕೆ ಫೋನ್.

ಆಸ್ಪತ್ರೆಯಲ್ಲಿ ನಿಂತು, ನಡೆದು, ಮಂಚದ ಕಂಬಿ ಹಿಡಿದು ತೂಗಿ ಕಳೆದರೆ ಬಾಯಿ ತೆರೆಯುವ ಮೊದಲ ಹಂತದಲ್ಲಿ ಸರಾಸರಿ ಒಂದು ಗಂಟೆಗಿಂತ ಜಾಸ್ತಿ ಹೊತ್ತು ಉಳಿಯುತ್ತದೆ. ಅರ್ಧ ಗಂಟೆಗೊಮ್ಮೆ ಭಂಗಿ ಬದಲಾಗಲಿ. ಡ್ರಿಪ್ ಹಾಕುತ್ತೇವೆ ಎಂದಾಗ, ಯಾಕೆ, ಸ್ವಲ್ಪ ಕಾದರೆ ಏನಾಗುತ್ತದೆ ಎಂದು ಕೇಳುವುದು ತಪ್ಪಲ್ಲ. ಉತ್ತರ ಸರಿ ಕಂಡರೆ ಒಪ್ಪಿಕೊಳ್ಳುವುದೂ ಸೋಲಲ್ಲ. ಮಗುವಿನ ಎದೆಬಡಿತವನ್ನು ಈ ಹಂತದಲ್ಲಿ 15–30 ನಿಮಿಷಕ್ಕೊಮ್ಮೆ ಕೇಳುತ್ತಿರಬೇಕು. ಅದು ತಪ್ಪಿದರೆ ಸಂಗಾತಿ ನೆನಪಿಸಬಹುದು. ನೋವು ತಡೆಯಲಾಗದೆ ಎಪಿಡ್ಯೂರಲ್ (ಬೆನ್ನಿಗೆ ಕೊಡುವ ನೋವುಶಮನ) ಕೇಳಿದವಳಿಗೆ ಅದು ಸಹಜವಲ್ಲ ಎಂದು ಪಾಠ ಹೇಳುವ ಹಕ್ಕು ಯಾರಿಗೂ ಇಲ್ಲ.

ಬಾಯಿ ಪೂರ್ತಿ ತೆರೆದ ಕೂಡಲೇ ಮುಕ್ಕು, ಮುಕ್ಕು ಎಂದು ಕೂಗುತ್ತಾರೆ. ತಾನಾಗಿ ಒತ್ತಡ ಬರುವವರೆಗೆ ಕಾದು, ಬಂದಾಗ ಮುಕ್ಕಿದರೆ ಶಕ್ತಿ ಉಳಿಯುತ್ತದೆ. ಕಾಲು ಮೇಲೆತ್ತಿ ಬೆನ್ನಡಿಯಾಗಿ ಮಲಗುವುದು ನೋಡುವವರಿಗೆ ಅನುಕೂಲ, ಬಾಲಮೂಳೆಗೆ ಹಿಂದೆ ಸರಿಯಲು ಜಾಗವಿಲ್ಲ. ಮಗ್ಗುಲಾಗಿಯೋ ಮಂಡಿಯೂರಿಯೋ ಆದರೆ ಅದು ಸರಿಯುತ್ತದೆ. ತಲೆ ಕಾಣಿಸಿ ಉರಿ ಎದ್ದಾಗ ಮುಕ್ಕುವುದು ನಿಲ್ಲಿಸಿ ದೀಪ ಆರಿಸುವಂತೆ ಸಣ್ಣ ಸಣ್ಣ ಉಸಿರು ಊದಬೇಕು. ಆ ಜಾಗಕ್ಕೆ ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆ ಹಿಡಿದರೆ ಆಳದ ಗಾಯ ಕಡಿಮೆ. ಮೇಲಿಂದ ಹೊಟ್ಟೆ ಒತ್ತಿ ಮಗುವನ್ನು ತಳ್ಳುವುದನ್ನು ವಿಶ್ವ ಆರೋಗ್ಯ ಸಂಸ್ಥೆ ಬೇಡ ಎಂದಿದೆ. ಬೇಡ ಎಂದು ಸಂಗಾತಿಯೂ ಹೇಳಬಹುದು.

ಮಗು ಹೊರಬಂದ ಕೂಡಲೇ ತಾಯಿಯ ತೊಡೆಗೆ ಕೊಡುವ 10 ಯೂನಿಟ್ ಆಕ್ಸಿಟೋಸಿನ್ ಇಂಜೆಕ್ಷನ್ನನ್ನು ಸಹಜದ ಹೆಸರಿನಲ್ಲಿ ನಿರಾಕರಿಸಬೇಡಿ. ರಕ್ತಸ್ರಾವ ತಡೆಯುವುದು ಅದೇ. ಮಗುವಿಗೆ ಕೊಡುವ 1 ಮಿಲಿಗ್ರಾಂ ವಿಟಮಿನ್ ಕೆ ಕೂಡ ಹಾಗೆಯೇ. ಮಗು ಅತ್ತು ಉಸಿರಾಡುತ್ತಿದ್ದರೆ ಬಳ್ಳಿ ಕತ್ತರಿಸಲು ಕನಿಷ್ಠ ಒಂದು ನಿಮಿಷ ಕಾಯಲಿ, ಆ ಹೊತ್ತಿನಲ್ಲಿ ಬಳ್ಳಿಯಿಂದ ಇಳಿಯುವ ರಕ್ತ ಮುಂದಿನ ತಿಂಗಳುಗಳ ಕಬ್ಬಿಣ. ಒರೆಸಿ ಬರಿ ಎದೆಗೆ ಹಾಕಿ ಮೇಲೊಂದು ಬಟ್ಟೆ ಹೊದಿಸಿ, ಒಂದು ಗಂಟೆಯೊಳಗೆ ಎದೆಹಾಲು. ಜೇನುತುಪ್ಪ, ಸಕ್ಕರೆ ನೀರು ನಾಲಿಗೆಗೆ ಮುಟ್ಟಿಸುವವರನ್ನು ಸಂಗಾತಿ ತಡೆಯಬೇಕು. ಸಿಸೇರಿಯನ್ ಆದರೂ ಇವುಗಳಲ್ಲಿ ಹೆಚ್ಚಿನವು ಸಾಧ್ಯ, ಮುಂಚೆಯೇ ಕೇಳಿಟ್ಟಿದ್ದರೆ.

ಎಲ್ಲರೂ ಮಗುವಿನ ಸುತ್ತ ಸೇರುವ ಆ ಮೊದಲ ಎರಡು ಗಂಟೆಯಲ್ಲಿ ಸಂಗಾತಿ ತಾಯಿಯ ಬಳಿಯೇ ಇರಬೇಕು. ಹೊಕ್ಕುಳಿನ ಹತ್ತಿರ ಮುಟ್ಟಿದರೆ ಗರ್ಭಕೋಶ ಗಟ್ಟಿ ಉಂಡೆಯಂತೆ ಸಿಗಬೇಕು. ಮೆತ್ತಗಿದ್ದರೆ, ಒಂದು ಗಂಟೆಯೊಳಗೆ ಪ್ಯಾಡ್ ಪೂರ್ತಿ ನೆಂದರೆ, ಅವಳು ಬಿಳಿಚಿಕೊಂಡು ಬೆವರಿದರೆ, ಚಳಿ ಎಂದರೆ, ಆ ಕ್ಷಣವೇ ಸಿಸ್ಟರನ್ನು ಕೂಗಿ ಕರೆಯಬೇಕು, ಅವರು ಬರುವವರೆಗೆ ಕೂಗುತ್ತಲೇ ಇರಬೇಕು.